ಆರಿದ ಕೂಳು

ಮಡಿಕೇರಿಯಲ್ಲಿ ಮೊದಲ ಮಳೆಗಾಲವನ್ನು ಕಳೆಯುವ ಬಯಲುಸೀಮೆಯವನಿಗೆ ಕನ್ನಡದ ಒಂದು ಸಣ್ಣ ಕ್ರಿಯಾಪದದ ಎರಡು ಮುಖಗಳೂ ಒಂದೇ ದಿನದಲ್ಲಿ ಪರಿಚಯವಾಗುತ್ತವೆ. ಅಡುಗೆಮನೆಯಿಂದ ಬರುವ ಕೂಗು, “ಬೇಗ ಬನ್ನಿ, ಅನ್ನ ಆರಿಹೋಗುತ್ತದೆ” ಎಂದು. ಪಡಸಾಲೆಯಲ್ಲಿ ಹಗ್ಗದ ಮೇಲೆ ನಾಲ್ಕು ದಿನಗಳಿಂದ ನೇತಾಡುತ್ತಿರುವ ಅಂಗಿಯನ್ನು ಮುಟ್ಟಿ ನೋಡಿದವರ ನಿಟ್ಟುಸಿರು, “ಇನ್ನೂ ಆರಿಲ್ಲವಲ್ಲ!” ಎಂದು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿದು. ಇಲ್ಲಿ ತಟ್ಟೆಗೆ ಬಿದ್ದ ಅನ್ನ ಎರಡು ತುತ್ತು ಉಣ್ಣುವಷ್ಟರಲ್ಲಿ ಆರುತ್ತದೆ. ಹಗ್ಗಕ್ಕೆ ಹಾಕಿದ ಬಟ್ಟೆ ವಾರವಾದರೂ ಆರುವುದಿಲ್ಲ.

ನನ್ನ ನಾಲ್ಕು ವರ್ಷದ ಮಗಳು ಆ ಜುಲೈ ತಿಂಗಳಲ್ಲಿ ಒಂದು ಸಂಜೆ ಕೇಳಿದಳು: “ಅಪ್ಪಾ, ಅನ್ನ ಆರಿತು, ಅಂಗಿ ಯಾಕೆ ಆರಲಿಲ್ಲ?” ಕನ್ನಡ ಎಂ.ಎ. ಮಾಡಿ, ಹತ್ತು ವರ್ಷ ಪಾಠ ಹೇಳಿದವನಿಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. “ಅದು ಬೇರೆ ಆರುವುದು, ಇದು ಬೇರೆ ಆರುವುದು” ಎಂದು ಹೇಳಿ ಪಾರಾದೆ. ಮಕ್ಕಳಿಗೆ ಹೇಳುವ ಅರ್ಧ ಸುಳ್ಳುಗಳಲ್ಲಿ ಅದೂ ಒಂದಾಯಿತು. ನಿಜಕ್ಕೂ ಅವೆರಡೂ ಒಂದೇ ಪದ.

ಬಿಸಿಯಾದ ಆಹಾರವನ್ನು ತಣ್ಣಗೆ ಮಾಡುವುದಕ್ಕೆ ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಬಾರಿ ಬಳಕೆಯಾಗುವ ಮಾತು ‘ಆರಿಸು’ ಎಂಬುದು. ಮಗುವಿನ ಹಾಲನ್ನು ಆರಿಸುತ್ತೇವೆ. ಚಿತ್ರಾನ್ನಕ್ಕೆ ಅನ್ನವನ್ನು ಹರಡಿ ಆರಹಾಕುತ್ತೇವೆ. ಬೇಯುವ ತನಕ ತಾಳಿದವನು ಆರುವ ತನಕ ತಾಳಲಾರನೇ ಎಂದು ಅವಸರದ ಹಸಿವಿಗೆ ಬುದ್ಧಿ ಹೇಳುತ್ತೇವೆ. ಆದರೆ ಇಷ್ಟು ಪರಿಚಿತವಾದ ಈ ಪದವನ್ನು ಬರಹದಲ್ಲಿ ನೋಡಿದರೆ ಗೊಂದಲವೇ ಹೆಚ್ಚು. ಆರು ಎಂದರೆ ಐದರ ಮುಂದಿನ ಸಂಖ್ಯೆ. ಆರಿಸು ಎಂದರೆ ಚುನಾವಣೆಯಲ್ಲಿ ನಾವು ಮಾಡುವ ಕೆಲಸ. ‘ಮಾಡಲಾರೆ’ ಎಂಬಲ್ಲಿ ಬಾಲದಂತೆ ಅಂಟಿರುವುದು ಮತ್ತೊಂದು ಆರ್. ಹಳಗನ್ನಡದಲ್ಲಿ ‘ಯಾರು’ ಎಂದು ಕೇಳುವುದಕ್ಕೂ ಆರ್ ಎಂಬುದೇ ಮಾತು. ಒಂದೇ ಅಂಗಿಯನ್ನು ಇಷ್ಟು ಜನ ತೊಟ್ಟುಕೊಂಡರೆ ಗುರುತು ಹಿಡಿಯುವುದು ಹೇಗೆ?

ಹಿಂದೆ ಅವರೆಲ್ಲರದೂ ಒಂದೇ ಅಂಗಿಯಾಗಿರಲಿಲ್ಲ. ಹಳಗನ್ನಡದಲ್ಲಿ ನಮ್ಮ ಇಂದಿನ ರ ಅಕ್ಷರದ ಜೊತೆಗೆ ಇನ್ನೊಂದು ರೇಫೆ ಇದ್ದಿತು, ಅದು ಱ. ಗಡುಸಾಗಿ ನುಡಿಯುತ್ತಿದ್ದ ಈ ಅಕ್ಷರವನ್ನು ಪಂಡಿತರು ಶಕಟರೇಫೆ ಎಂದರು. ಹಳ್ಳಿಯ ಐಗಳ ಮಠಗಳಲ್ಲಿ ‘ಬಂಡಿ ರ’ ಎಂದು ಕರೆದರು. ಬರೆದು ನೋಡಿದರೆ ಬಂಡಿಯ ಗಾಲಿಗಳ ನೆನಪು ಬಾರದಿರದು. ಸಂಖ್ಯೆಯ ಆರು, ತಣ್ಣಗಾಗುವ ಆರು, ಇವೆರಡೂ ಬಂಡಿ ರ ಉಳ್ಳವು: ಆಱು.  ಚುನಾವಣೆಯ ಆರಿಸು ಬೇರೆಯೇ ಮನೆತನದ್ದು; ಆಯ್ದು, ಆಯ್ಕೆ ಎಂಬ ಮಾತುಗಳಲ್ಲಿರುವ ‘ಆಯ್’ ಧಾತುವಿನ ಬಳಗದ್ದು. ಕಾಲಕ್ರಮದಲ್ಲಿ ಬಾಯಿ ಈ ಎರಡು ರೇಫೆಗಳ ಭೇದವನ್ನು ಮರೆಯಿತು. ಕೈ ಇನ್ನಷ್ಟು ಕಾಲ ಬರೆಯುತ್ತಲೇ ಇದ್ದು, ಕೊನೆಗೆ ಅದೂ ಬಿಟ್ಟಿತು. ತಮಿಳೂ ಮಲಯಾಳವೂ ತಮ್ಮ ಬಂಡಿ ರ ವನ್ನು ಇನ್ನೂ ಕಾಪಾಡಿಕೊಂಡಿರುವುದರಿಂದ ನಾವು ಕಳೆದುಕೊಂಡದ್ದು ಎಲ್ಲಿತ್ತೆಂದು ಅಲ್ಲಿ ಹೋಗಿ ನೋಡಿಕೊಂಡು ಬರಬಹುದಾಗಿದೆ. ತಮಿಳಿನಲ್ಲಿ ಆಱು ಎಂದರೆ ತಣ್ಣಗಾಗು, ಶಮನವಾಗು. ಅದನ್ನು ಇನ್ನೊಬ್ಬರಿಂದ ಆಗಮಾಡಿಸುವುದು ಆಱ್ಱು. ತಮಿಳುನಾಡಿನ ಮನೆಗಳಲ್ಲಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಮೊಳದುದ್ದ ಎತ್ತಿ ಸುರಿಯುತ್ತಾರಲ್ಲ, ಆ ಕ್ರಿಯೆಗೆ ಅವರು ಹೇಳುವ ಮಾತು ಅದೇ. ದುಃಖದಲ್ಲಿರುವವರಿಗೆ ಹೇಳುವ ಸಾಂತ್ವನವೂ ಅಲ್ಲಿ ‘ಆಱುದಲ್’. ಕಾಫಿಗೆ ಸಲ್ಲುವ ಉಪಚಾರವೇ ಕುದಿಯುವ ಮನಸ್ಸಿಗೂ ಸಲ್ಲುತ್ತದೆ.

ಕನ್ನಡದಲ್ಲಿ ಈ ಪದದ ವ್ಯಾಪ್ತಿ ಇನ್ನೂ ವಿಚಿತ್ರವಾದುದು. ಅನ್ನ ಆರುತ್ತದೆ, ಬಟ್ಟೆ ಆರುತ್ತದೆ, ಗಾಯ ಆರುತ್ತದೆ, ಬೆವರು ಆರುತ್ತದೆ, ದಣಿವು ಆರುತ್ತದೆ, ಸಿಟ್ಟು ಆರುತ್ತದೆ, ಬೆಂಕಿ ಆರುತ್ತದೆ. ಬಾಯಿ ಒಣಗಿದರೆ ಅದು ಬಾಯಾರಿಕೆ. ಇಲ್ಲಿರುವುದೂ ಇದೇ ಆಱು. ನೀರು ಕುಡಿದು ಬಾಯಾರಿಕೆಯನ್ನು ಆರಿಸಿಕೊಳ್ಳುತ್ತೇವೆ ಎನ್ನುವಾಗ ಆರಿದ್ದನ್ನೇ ಮತ್ತೆ ಆರಿಸಿದಂತಾಗುತ್ತದೆ. ಆದರೂ ಅರ್ಥ ಕೆಡುವುದಿಲ್ಲ. ಒಂದೆಡೆ ಮಾತ್ರ ನಮ್ಮ ಹಿರಿಯರು ಈ ಪದವನ್ನು ಬಾಯಿಗೆ ತಂದುಕೊಳ್ಳಲು ಅಂಜಿದರು. ದೇವರ ಮುಂದಿನ ದೀಪ ಆರಿತು ಎನ್ನುವುದಿಲ್ಲ. ದೀಪ ದೊಡ್ಡದಾಯಿತು, ಶಾಂತವಾಯಿತು ಎನ್ನುತ್ತಾರೆ. ಅನ್ನ ಆರಿದರೆ ಉಣ್ಣಬಹುದು, ಗಾಯ ಆರಿದರೆ ನಗಬಹುದು, ದೀಪ ಆರಿದರೆ ಮಾತ್ರ ಮನೆಯ ಹೆಂಗಸರ ಎದೆ ಧಸಕ್ಕೆನ್ನುತ್ತದೆ.

ತಣ್ಣಗಾಗುವುದಕ್ಕೂ ಒಣಗುವುದಕ್ಕೂ ಒಂದೇ ಪದವೇಕೆ? ಕಾಲೇಜಿನಲ್ಲಿ ನನ್ನ ಪಕ್ಕದ ಮೇಜಿನ ಭೌತಶಾಸ್ತ್ರದ ಮಿತ್ರರನ್ನು ಕೇಳಿದೆ. ಅವರು ನನ್ನ ಪ್ರಶ್ನೆಯನ್ನು ನಗೆಯಾಡದೆ ಕೇಳಿ, ಒಂದು ಹಾಳೆಯಲ್ಲಿ ಲೆಕ್ಕವನ್ನೇ ಹಾಕಿ ತೋರಿಸಿದರು. ಕುದಿಯುವ ಬಿಸಿಯಲ್ಲಿರುವ ಒಂದು ಗ್ರಾಂ ನೀರು ಹಬೆಯಾಗಿ ಹಾರಬೇಕಾದರೆ ಸುಮಾರು 540 ಕ್ಯಾಲೊರಿ ಶಾಖವನ್ನು ತನ್ನೊಡನೆ ಒಯ್ಯುತ್ತದೆ. 54 ಗ್ರಾಂ ನೀರಿನ ಬಿಸಿಯನ್ನು 10 ಡಿಗ್ರಿ ಇಳಿಸಲು ಅಷ್ಟು ಸಾಕು. ಹಬೆ ಒಯ್ಯುವ ಈ ಗುಪ್ತ ಶಾಖವನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜೋಸೆಫ್ ಬ್ಲ್ಯಾಕ್ ಎಂಬ ವಿಜ್ಞಾನಿ 1760ರ ದಶಕದಲ್ಲಿ ವಿವರಿಸಿದ. ಅನ್ನದ ಹಬೆ ಹಾರಿದರೆ ಅನ್ನ ತಣ್ಣಗಾಗುತ್ತದೆ, ಜೊತೆಗೆ ಮೇಲ್ಮೈ ಒಣಗುತ್ತದೆ. ಬಟ್ಟೆಯ ನೀರು ಹಾರಿದರೆ ಬಟ್ಟೆ ಒಣಗುತ್ತದೆ, ಜೊತೆಗೆ ತಣ್ಣಗಿರುತ್ತದೆ. ಮಣ್ಣಿನ ಹೂಜಿ ಬೆವರಿದರೆ ಒಳಗಿನ ನೀರು ತಂಪಾಗುತ್ತದೆ. ಎರಡಲ್ಲ, ಒಂದೇ ಘಟನೆ. ಅದನ್ನು ಎರಡಾಗಿ ಸೀಳಿ ಎರಡು ಹೆಸರಿಡುವ ಅಗತ್ಯ ನಮ್ಮ ಹಿರಿಯರಿಗೆ ತೋರಲಿಲ್ಲ. ಅವರು ಶಾಸ್ತ್ರ ತಿಳಿದು ಹೀಗೆ ಮಾಡಿದರೆಂದು ಹೇಳುವ ಅತ್ಯುತ್ಸಾಹ ನನಗಿಲ್ಲ. ಒಲೆಯ ಮುಂದೆಯೂ ಹಗ್ಗದ ಮುಂದೆಯೂ ಕಣ್ಣು ಬಿಟ್ಟು ನಿಂತಿದ್ದರು ಎಂದಷ್ಟೇ ಹೇಳಬಲ್ಲೆ.

“ಹಾಗಾದರೆ ಮಡಿಕೇರಿಯ ಅಂಗಿ?” ಎಂದೆ. “ಗಾಳಿಯೇ ನೀರು ಕುಡಿದು ತುಂಬಿಕೊಂಡಿರುವಾಗ ನಿಮ್ಮ ಅಂಗಿಯ ನೀರನ್ನು ಅದು ಎಲ್ಲಿ ಇಟ್ಟುಕೊಂಡೀತು? ಬಿಸಿ ಅನ್ನವಾದರೋ ಚಳಿಗಾಳಿಗೆ ಸೋಕಿಯೇ ತನ್ನ ಶಾಖವನ್ನು ಕಳೆದುಕೊಳ್ಳುತ್ತದೆ” ಎಂದರು ಮಿತ್ರರು. ಬಯಲಿನಲ್ಲಿ ಹುಟ್ಟಿದ ಜೋಡಿ ಅರ್ಥ, ಬೆಟ್ಟಕ್ಕೆ ಬಂದೊಡನೆ ಹೀಗೆ ಬೇರ್ಪಟ್ಟಿತ್ತು. ಮಗಳ ಪ್ರಶ್ನೆಗೆ ಉತ್ತರವನ್ನು ಆ ಸಂಜೆ ಕೊಂಡೊಯ್ದೆ. ಅವಳು ಅಷ್ಟರಲ್ಲಿ ಪ್ರಶ್ನೆಯನ್ನೇ ಮರೆತಿದ್ದಳು.

ಇಲ್ಲಿಗೇ ನಿಲ್ಲಿಸಿದ್ದರೆ ಈ ಲೇಖನ ಒಂದು ವಿನೋದವಾಗಿ ಮುಗಿಯುತ್ತಿತ್ತು. ಆದರೆ ಆರಿದ ಅನ್ನಕ್ಕೆ ಕನ್ನಡದಲ್ಲಿರುವ ಇನ್ನೊಂದು ಹೆಸರು ನನ್ನಿಂದ ಒಂದು ತಪ್ಪನ್ನು ಮಾಡಿಸಿತ್ತು. ಅದನ್ನು ಹೇಳಿಕೊಳ್ಳದೆ ಈ ಪದಗಳ ಕಥೆ ಪೂರ್ತಿಯಾಗುವುದಿಲ್ಲ.

ಆ ಹೆಸರು ತಂಗಳು. ರಾತ್ರಿಯ ಅನ್ನ ಬೆಳಗಿಗೆ ತಂಗಳು. ನಾನು ಚಿಕ್ಕಂದಿನಲ್ಲಿ ಅದಕ್ಕೆ ಮಜ್ಜಿಗೆ ಸುರಿದು, ಉಪ್ಪು, ಹಸಿಮೆಣಸಿನಕಾಯಿ ಕಚ್ಚಿಕೊಂಡು ಶಾಲೆಗೆ ಹೋದವನು. ಈ ಪದ ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ ನನ್ನಲ್ಲಿ ಸಿದ್ಧ ಉತ್ತರವಿತ್ತು: “ರಾತ್ರಿ ಪಾತ್ರೆಯಲ್ಲಿ ತಂಗಿದ್ದರಿಂದ ತಂಗಳು.” ತಂಗುದಾಣ, ತಂಗು, ತಂಗಳು. ಎಷ್ಟು ಸಲೀಸು! ಮಡಿಕೇರಿಯ ತರಗತಿಯಲ್ಲಿಯೂ ಅದನ್ನೇ ಬಹು ವಿಶ್ವಾಸದಿಂದ ಹೇಳಿದ್ದೆ. ವಿದ್ಯಾರ್ಥಿಗಳು ಬರೆದುಕೊಂಡಿದ್ದರು.

ಅದೇ ವಾರ ‘ನಮ್ಮೂರ ಹಬ್ಬ’ ಎಂಬ ವಿಷಯದ ಮೇಲೆ ಪ್ರಬಂಧ ಬರೆಯಿಸಿದೆ. ದಕ್ಷಿಣ ಕೊಡಗಿನ ಹಳ್ಳಿಯೊಂದರಿಂದ ಬಂದ ಹುಡುಗಿಯೊಬ್ಬಳು ಪುತ್ತರಿಯನ್ನು ಕುರಿತು ಬರೆದಿದ್ದಳು. ಬಯಲಿನವರು ಹುತ್ತರಿ ಎನ್ನುವ ಈ ಹಬ್ಬ ನವೆಂಬರ್ ಡಿಸೆಂಬರಿನ ಹುಣ್ಣಿಮೆಯ ಸುಮಾರಿಗೆ ಬರುವ ಹೊಸ ಅಕ್ಕಿಯ ಹಬ್ಬ. ರಾತ್ರಿ ಗದ್ದೆಗೆ ಹೋಗಿ ಕದಿರು ಕೊಯ್ದು ತರುವುದು, ಕೋವಿಯ ಸದ್ದು, ಮನೆಯ ಕಂಬಕ್ಕೆ ಕದಿರು ಕಟ್ಟುವುದು, ಇವೆಲ್ಲವನ್ನೂ ಬಹು ಚೆನ್ನಾಗಿ ವರ್ಣಿಸಿದ್ದಳು. ನಡುವೆ ಒಂದು ವಾಕ್ಯ: ಬಂದ ನೆಂಟರಿಗೆಲ್ಲ ಅಜ್ಜಿ ತಮ್ಮ ಕೈಯಿಂದಲೇ ಕೂಳನ್ನು ಬಡಿಸಿದರು ಎಂದು.

ನಾನು ಕೆಂಪು ಶಾಯಿಯಿಂದ ‘ಕೂಳು’ ಎಂಬುದಕ್ಕೆ ಗೆರೆ ಎಳೆದು, ಅಂಚಿನಲ್ಲಿ “ಅಸಭ್ಯ ಪದ” ಎಂದು ಬರೆದೆ. ಅಷ್ಟಕ್ಕೇ ಬಿಡದೆ ತರಗತಿಯಲ್ಲಿ ವಾಕ್ಯವನ್ನು ಓದಿ, “ನೆಂಟರಿಗೆ ಕೂಳು ಹಾಕುತ್ತಾರೆಯೇ? ನೆಂಟರು ಮತ್ತೆ ಬಂದಾರೆಯೇ?” ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಬಯಲುಸೀಮೆಯ ವಿದ್ಯಾರ್ಥಿಗಳು ಹೆಚ್ಚು ನಕ್ಕರು, ಕೊಡಗಿನವರು ಕಡಿಮೆ ನಕ್ಕರು ಎಂಬುದನ್ನು ಆಗ ನಾನು ಗಮನಿಸಲಿಲ್ಲ. ಈಗ ನೆನಪಿಗೆ ಬರುತ್ತದೆ. ಹುಡುಗಿ ತಲೆ ತಗ್ಗಿಸಿದಳು. ಅಲ್ಲಿಂದ ಮುಂದೆ ನನ್ನ ತರಗತಿಯಲ್ಲಿ ಆಕೆ ಬಾಯಿ ಬಿಟ್ಟದ್ದನ್ನು ನಾನು ಕಾಣೆ. ಪ್ರಬಂಧಗಳು ಬಂದವು, ತಪ್ಪಿಲ್ಲದವು, ಜೀವವಿಲ್ಲದವು.

ಮೂರು ತಿಂಗಳ ತರುವಾಯ ಕೊಡವರ ಮನೆಯೊಂದರ ಮದುವೆಗೆ ಕರೆ ಬಂದಿತು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತ ಹಿರಿಯರು, ಬಿಳಿಯ ಕುಪ್ಪಸ ದಟ್ಟಿಯ ಗಂಭೀರ ಮನುಷ್ಯರು, ನಾನು ಶಾಕಾಹಾರಿಯೆಂದು ತಿಳಿದು ಬಡಿಸುವವರನ್ನು ಕರೆದು, ನನ್ನ ಎಲೆಯನ್ನು ತೋರಿಸಿ ಹೇಳಿದರು: “ನೈ ಕೂಳ್!” ತುಪ್ಪದಲ್ಲಿ ಹದವಾಗಿ ಮಾಡಿದ, ಗೋಡಂಬಿ ದ್ರಾಕ್ಷಿಗಳಿಂದ ತುಂಬಿದ, ಘಮಘಮಿಸುವ ಅನ್ನ ಬಂತು. ಆ ಮನೆಯವರು ತಮ್ಮ ಅತ್ಯಂತ ಗೌರವದ ಅತಿಥಿಗೆ ಬಡಿಸುವ ಭಕ್ಷ್ಯಕ್ಕೆ ಹೆಸರು ಕೂಳು. ನನಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಕೆಂಪು ಶಾಯಿ ನೆನಪಾಯಿತು.

ಮನೆಗೆ ಬಂದವನೇ ನಿಘಂಟುಗಳನ್ನು ಹರಡಿಕೊಂಡು ಕುಳಿತೆ. ಕಿಟ್ಟೆಲರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಮಾಡಿಸಿದ ನಿಘಂಟು, ಬರೋ ಮತ್ತು ಎಮೆನೋ ವಿದ್ವಾಂಸರು 1961ರಲ್ಲಿ ಹೊರತಂದು 1984ರಲ್ಲಿ ಪರಿಷ್ಕರಿಸಿದ ದ್ರಾವಿಡ ಭಾಷೆಗಳ ವ್ಯುತ್ಪತ್ತಿ ಕೋಶ. ಈ ಎಮೆನೋ ಕೊಡವ ಭಾಷೆಯನ್ನು ಜನರ ಬಾಯಿಂದಲೇ ಕೇಳಿ ಬರೆದುಕೊಂಡವರು. ಕೋಶದ ಸಾಲಿನಲ್ಲಿ ಬಳಗವೆಲ್ಲ ಒಟ್ಟಿಗೆ ಕುಳಿತಿತ್ತು: ತಮಿಳಿನ ಕೂೞ್, ಮಲಯಾಳದ ಕೂೞ್, ತುಳುವಿನ ಕೂಳು, ತೆಲುಗಿನ ಕೂಡು, ಕೊಡವದ ಕೂಳ್, ನಮ್ಮ ಹಳಗನ್ನಡದ ಕೂೞ್. ಅರ್ಥ, ಬೇಯಿಸಿದ ಅನ್ನ, ಆಹಾರ, ಕೆಲವೆಡೆ ಗಂಜಿ. ಎಲ್ಲಿಯೂ ಅಸಭ್ಯತೆಯ ಸುಳಿವಿಲ್ಲ.

ಇಲ್ಲಿ ಬರುವ ೞ ಕನ್ನಡ ಕಳೆದುಕೊಂಡ ಇನ್ನೊಂದು ಅಕ್ಷರ. ಕೇರಳದ ಕೋೞಿಕ್ಕೋಡನ್ನು ನಾವು ಬರೆಯಹೊರಟಾಗ ಕೆಲವರು ‘ಕೋಝಿಕ್ಕೋಡ್’ ಎಂದು ಬರೆದು ಪೇಚಾಡುತ್ತಾರಲ್ಲ, ಆ ಧ್ವನಿ ಒಂದು ಕಾಲಕ್ಕೆ ನಮ್ಮದೇ ಆಗಿತ್ತು. ಏಳು ಎಂಬುದು ಏೞು. ಕೋಳಿ ಎಂಬುದು ಕೋೞಿ. ನಾವು ಅದನ್ನು ಳ ಮಾಡಿಕೊಂಡೆವು, ತೆಲುಗರು ಡ ಮಾಡಿಕೊಂಡರು. ನಮ್ಮ ಏಳು ಅವರ ಏಡು, ನಮ್ಮ ಕೋಳಿ ಅವರ ಕೋಡಿ, ನಮ್ಮ ಕೂಳು ಅವರ ಕೂಡು. ಮೂರು ಉದಾಹರಣೆಗಳೂ ಒಂದೇ ಗೆರೆಯ ಮೇಲೆ ನಿಲ್ಲುತ್ತವೆ. 13ನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸುವಾಗ ೞ ಇರುವ ಪದಗಳನ್ನು ಪಟ್ಟಿ ಮಾಡಿಕೊಟ್ಟಿದ್ದಾನೆ. ಬಾಯಿಗೆ ಬರುತ್ತಿದ್ದ ಅಕ್ಷರಕ್ಕೆ ಪಟ್ಟಿ ಬೇಕಾಗುವುದಿಲ್ಲ. ಪಟ್ಟಿ ಬಂತೆಂದರೆ ಮರೆವು ಅದಕ್ಕೂ ಮೊದಲೇ ಬಂದಿತ್ತೆಂದು ತಿಳಿಯಬೇಕು.

ಇಷ್ಟಾದ ಮೇಲೆ ತಂಗಳಿನ ಗುಟ್ಟು ತಾನಾಗಿಯೇ ಬಿಚ್ಚಿಕೊಂಡಿತು. ಕನ್ನಡದಲ್ಲಿ ‘ತಣ್’ ಎಂದರೆ ತಂಪಾದ. ಅದರಿಂದಲೇ ತಣ್ಣಗೆ, ತಂಪು, ತಣಿ, ತಣ್ಣೀರು. ತಣ್ಣನೆಯ ಗಾಳಿ ತಂಗಾಳಿ. ತಣ್ಣನೆಯ ಕದಿರುಳ್ಳ ಚಂದ್ರ ತಂಗದಿರ. ಮುನ್ ಎಂಬುದರ ಮುಂದೆ ಕಾರ್ ಬಂದು ಮುಂಗಾರು ಆದಂತೆ, ತಣ್ ಎಂಬುದರ ಮುಂದೆ ಕೂೞ್ ಬಂದರೆ ಕ ಹೋಗಿ ಗ ಬರುತ್ತದೆ: ತಂಗೂಳ್. ಅದು ಸವೆದು ತಂಗುಳ್, ಇನ್ನೂ ಸವೆದು ತಂಗಳ್, ತಂಗಳು. ಎಂದರೆ ತಣ್ಣಗಾದ ಕೂಳು! ರಾತ್ರಿ ತಂಗುವ ಮಾತೇ ಅಲ್ಲಿಲ್ಲ. ನಾನು ತರಗತಿಯಲ್ಲಿ ಒಂದೇ ವಾರದೊಳಗೆ ಕೂಳು ಎಂಬ ಪದವನ್ನು ಅಸಭ್ಯವೆಂದು ಹೊರಗೆ ಹಾಕಿದ್ದೆ; ಅದೇ ಕೂಳು ತಂಗಳಿನೊಳಗೆ ಅಡಗಿ ಕುಳಿತಿದ್ದುದನ್ನು ಕಾಣದೆ ಅದಕ್ಕೊಂದು ಸುಳ್ಳು ವಂಶಾವಳಿಯನ್ನೂ ಕಟ್ಟಿದ್ದೆ. ಆ ಹುಡುಗಿಯ ಪ್ರಬಂಧದಲ್ಲಿ ನನ್ನ ಪಾಠದ ತಿದ್ದುಪಡಿ ಇತ್ತು. ನಾನು ತಿದ್ದಿದ್ದು ಅದನ್ನೇ.

ನನ್ನ ತಪ್ಪಿಗೆ ಸ್ವಲ್ಪ ಸಮಾಧಾನ ಸಂಸ್ಕೃತದಲ್ಲಿ ದೊರೆಯಿತು. ಭಗವದ್ಗೀತೆಯ 17ನೆಯ ಅಧ್ಯಾಯದಲ್ಲಿ ತಾಮಸ ಆಹಾರಗಳನ್ನು ಹೇಳುವಾಗ ‘ಪರ್ಯುಷಿತ’ ಎಂಬ ಪದ ಬರುತ್ತದೆ. ವಾಸ ಮಾಡು ಎಂಬ ಧಾತುವಿನಿಂದ ಬಂದ ಅದರ ಅಕ್ಷರಾರ್ಥ, ರಾತ್ರಿ ಕಳೆದದ್ದು, ತಂಗಿದ್ದು ಎಂದೇ. ನಾನು ಕನ್ನಡ ಪದಕ್ಕೆ ಹೇಳಿದ್ದ ಅರ್ಥ ಸಂಸ್ಕೃತ ಪದಕ್ಕೆ ಚೆನ್ನಾಗಿ ಒಪ್ಪುತ್ತದೆ; ವಿಳಾಸವಷ್ಟೇ ತಪ್ಪು. ತಮಿಳರೂ ಮಲಯಾಳಿಗಳೂ ಅದೇ ಅನ್ನವನ್ನು ‘ಹಳೆಯದು’ ಎನ್ನುತ್ತಾರೆ: ಪೞೈಯ ಸೋಱು, ಪೞಂಗಂಜಿ. ಒಂದೇ ಪಾತ್ರೆಯನ್ನು ನೋಡಿ ಒಬ್ಬರು ಎಷ್ಟು ಹೊತ್ತು ಇತ್ತೆಂದರು, ಒಬ್ಬರು ಎಷ್ಟು ಹಳತೆಂದರು; ಕನ್ನಡಿಗರು ಕೈಯಿಟ್ಟು ನೋಡಿ ತಣ್ಣಗಿದೆ ಎಂದರು. (ಕೈಯಿಟ್ಟು ನೋಡುವವರಿಗೆ ಒಂದು ಮಾತು: ಅನ್ನವನ್ನು ಉಗುರುಬೆಚ್ಚಗೆ ಗಂಟೆಗಟ್ಟಲೆ ಇಡುವುದು ಒಳ್ಳೆಯದಲ್ಲ. ಬೇಯಿಸಿದರೂ ಸಾಯದ ಕೆಲವು ಸೂಕ್ಷ್ಮಜೀವಿಗಳ ಬೀಜಾಣುಗಳು ಆ ಹದದ ಬಿಸಿಯಲ್ಲೇ ಬೆಳೆಯುತ್ತವೆ. ಬೇಗ ಆರಿಸುವುದೇ ಕ್ಷೇಮ.)

ಪುತ್ತರಿಯ ದಿನ ಕೊಡಗಿನಲ್ಲಿ ಮಾಡುವ ತಂಬಿಟ್ಟನ್ನೂ ಇಲ್ಲಿ ನೆನೆಯಬೇಕು. ಹುರಿದ ಅಕ್ಕಿಯ ಹಿಟ್ಟನ್ನು ಕಳಿತ ಬಾಳೆಹಣ್ಣಿನೊಡನೆ ಕಲಸಿ ಮಾಡುವ ಉಂಡೆ. ಮೇಲೆ ತುಪ್ಪ, ತೆಂಗಿನ ತುರಿ, ಎಳ್ಳು. ಕಲಸಿದ ಮೇಲೆ ಒಲೆಯ ಹಂಗಿಲ್ಲ. ಹಿಟ್ಟಿಗೆ ಹಳಗನ್ನಡದಲ್ಲಿ ಪಿಟ್ಟು ಎಂದು ಹೆಸರು. ತಣ್ ಮತ್ತು ಪಿಟ್ಟು ಕೂಡಿ ತಂಬಿಟ್ಟು ಎಂದು ಬಿಡಿಸುವುದು ನನಗೆ ಸರಿಯೆಂದು ತೋರುತ್ತದೆ. ಮೈಸೂರು ಸೀಮೆಯ ನಮ್ಮ ಹಳ್ಳಿಗಳಲ್ಲಿ ಹೆಂಗಸರು ತಂಬಿಟ್ಟಿನ ಆರತಿಯನ್ನು ತಲೆಯ ಮೇಲೆ ಹೊತ್ತು ಮಾರಮ್ಮನ ಗುಡಿಗೆ ಹೋಗುತ್ತಾರೆ. ಸಿಡಿಲಿನಂಥ ಸಿಟ್ಟಿನ ದೇವತೆಗೆ ತಣ್ಣನೆಯ ತಿಂಡಿ. ಮಡಿಕೇರಿಯ ಚಳಿಗೂ ನಮ್ಮೂರ ಬಿಸಿಲಿಗೂ ನಡುವೆ ಇದೊಂದು ಉಂಡೆ ನಡೆದಾಡಿಕೊಂಡಿದೆ.

ಹಾಗಾದರೆ ಕೂಳು ಕೆಟ್ಟದ್ದೆಂದು? ನಿಷ್ಪಕ್ಷಪಾತವಾಗಿ ಹೇಳಬೇಕಾದರೆ ಕೂಳು ಕೆಡಲಿಲ್ಲ; ಅದನ್ನು ಉಣ್ಣುವವರನ್ನು ನಾವು ಬೇರೆ ಪಂಕ್ತಿಯಲ್ಲಿ ಕೂರಿಸಿದೆವು. ‘ಅನ್ನ’ ಸಂಸ್ಕೃತದ ಮಾತು, ತಿನ್ನು ಎಂಬ ಅರ್ಥದ ‘ಅದ್’ ಧಾತುವಿನಿಂದ ಬಂದದ್ದು. ಇಂಗ್ಲಿಷಿನ ‘ಈಟ್’ ಎಂಬುದು ಅದರ ದೂರದ ದಾಯಾದಿ. ದೇವರ ನೈವೇದ್ಯ, ಮಠದ ದಾಸೋಹ, ಅರಮನೆಯ ಔತಣ, ಇಲ್ಲೆಲ್ಲ ಅನ್ನ ಮಣೆ ಹಾಕಿಕೊಂಡು ಕುಳಿತಿತು. ಕೂಳು ಹೊಲದ ಬದುವಿಗೆ, ಕೊಟ್ಟಿಗೆಯ ಜಗಲಿಗೆ ಸರಿಯಿತು. ಆಮೇಲೆ ಬೈಗಳಿಗೆ ಇಳಿಯಿತು: ಕೂಳಿಗೆ ಕೇಡು, ಭೂಮಿಗೆ ಭಾರ, ಕೂಳುಬಾಕ. ಇಂಗ್ಲೆಂಡಿನಲ್ಲಿಯೂ ಹೀಗೆ ಆದದ್ದುಂಟು. 1066ರಲ್ಲಿ ಫ್ರೆಂಚ್ ನುಡಿಯುವ ನಾರ್ಮನರು ಆ ದೇಶವನ್ನು ಗೆದ್ದ ಬಳಿಕ, ಕುರಿ ಕಾಯುವ ಬಡವನ ಬಾಯಲ್ಲಿ ಪ್ರಾಣಿ ‘ಷೀಪ್’ ಆಗಿಯೇ ಉಳಿಯಿತು. ಒಡೆಯನ ಮೇಜಿನ ಮೇಲೆ ಅದರ ಮಾಂಸ ಫ್ರೆಂಚಿನಿಂದ ಬಂದ ‘ಮಟನ್’ ಆಯಿತು. ಆದರೆ ಇಂಗ್ಲಿಷಿನವರು ಷೀಪ್ ಎಂಬುದನ್ನು ಬೈಗಳಾಗಿ ಮಾಡಿಕೊಂಡು, ಪ್ರಬಂಧದಲ್ಲಿ ಬರೆದ ಹುಡುಗಿಯನ್ನು ನಗೆಗೀಡು ಮಾಡಲಿಲ್ಲವಷ್ಟೆ.

ಕೊಡಗಿನಲ್ಲಿ ಕೂಳು ತನ್ನ ಮಾನವನ್ನು ಉಳಿಸಿಕೊಂಡಿತು. ಈ ನಾಡಿನ ಭಾಷೆಯನ್ನು ಕನ್ನಡದ ಒಂದು ಉಪಭಾಷೆ ಎಂದು ಬಯಲಿನವರು ಹಗುರವಾಗಿ ಹೇಳುವುದುಂಟು, ನಾನೂ ಹೇಳಿದವನೇ. ಅದು ತಪ್ಪು. ಕೊಡವ ತಕ್ಕ್ ಸ್ವತಂತ್ರವಾದ ದ್ರಾವಿಡ ಭಾಷೆ. ಮನೆತನದ ಲೆಕ್ಕದಲ್ಲಿ ಕನ್ನಡಕ್ಕಿಂತ ತಮಿಳು ಮಲಯಾಳಗಳಿಗೆ ಹತ್ತಿರ. ನೂರೈವತ್ತು ವರ್ಷಗಳ ಹಿಂದೆಯೇ, 1867ರಲ್ಲಿ, ಕೋಲ್ ಎಂಬ ಅಧಿಕಾರಿ ಅದಕ್ಕೊಂದು ವ್ಯಾಕರಣವನ್ನು ಬರೆದ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಅದರ ಹಾಡುಗಳನ್ನೂ ಆಚಾರಗಳನ್ನೂ ‘ಪಟ್ಟೋಲೆ ಪಳಮೆ’ಯಲ್ಲಿ ಕನ್ನಡ ಲಿಪಿಯಲ್ಲಿ ಸಂಗ್ರಹಿಸಿದರು. ಹರದಾಸ ಅಪ್ಪಚ್ಚ ಕವಿ ಅದರಲ್ಲಿ ನಾಟಕಗಳನ್ನು ಬರೆದರು. ಆದರೆ ಹಾಲೇರಿಯ ಅರಸರ ಕಾಲದಿಂದಲೂ ಕಾಗದ ಪತ್ರಗಳ ಭಾಷೆ ಕನ್ನಡ. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದೊಡನೆ ಸೇರಿದ ಮೇಲಂತೂ ಶಾಲೆ, ಕಚೇರಿ, ಪರೀಕ್ಷೆ ಎಲ್ಲದರಲ್ಲಿಯೂ ಕನ್ನಡ. ಮನೆಯ ಮಾತು ಮನೆಯಲ್ಲಿಯೇ ಉಳಿಯಿತು. 2011ರ ಜನಗಣತಿಯಲ್ಲಿ ಅದನ್ನು ತಾಯಿನುಡಿಯೆಂದು ಬರೆಯಿಸಿದವರು 1 ಲಕ್ಷ 14 ಸಾವಿರದಷ್ಟು ಮಂದಿ. ಅದಕ್ಕೆ ಹತ್ತು ವರ್ಷಗಳ ಹಿಂದೆ 1 ಲಕ್ಷ 66 ಸಾವಿರದಷ್ಟು ಮಂದಿ. ಯುನೆಸ್ಕೊ ಸಂಸ್ಥೆ ತನ್ನ ಭಾಷಾ ನಕ್ಷೆಯಲ್ಲಿ ಇದನ್ನು ಅಪಾಯದಲ್ಲಿರುವ ಭಾಷೆಗಳ ಸಾಲಿಗೆ ಸೇರಿಸಿದೆ. ಆ ಇಳಿಕೆಗೆ ಕಾರಣಗಳು ಹಲವಿರಬಹುದು. ಅವುಗಳಲ್ಲಿ ನನ್ನಂಥ ಅಧ್ಯಾಪಕರ ಕೆಂಪು ಶಾಯಿ ಎಷ್ಟು ತೊಟ್ಟು ಎಂದು ನಾನು ಯೋಚಿಸುತ್ತೇನೆ.

ವಿಪರ್ಯಾಸವೆಂದರೆ, ಹಳಗನ್ನಡದ ಪಾಠದಲ್ಲಿ ನನ್ನ ಬಯಲಿನ ವಿದ್ಯಾರ್ಥಿಗಳು ಎಡವುವ ಕಡೆ ಕೊಡಗಿನ ಮಕ್ಕಳು ಎಡವುವುದಿಲ್ಲ. ಹಂದಿ ಎಂಬುದು ಹಿಂದೆ ಪಂದಿ, ಹಾಲು ಎಂಬುದು ಪಾಲ್ ಎಂದು ನಾನು ಬಯಲಿನವರಿಗೆ ವಿವರಿಸಬೇಕು. ಕೊಡವರ ಮನೆಯಲ್ಲಿ ಇಂದಿಗೂ ಅದು ಪಂದಿಯೇ, ಅದು ಪಾಲೇ. 10ನೆಯ ಶತಮಾನದಿಂದೀಚೆಗೆ ಕನ್ನಡದ ಬಾಯಿ ಕ್ರಮೇಣ ಪ ವನ್ನು ಹ ಮಾಡಿಕೊಂಡು ಬಂದಾಗ ಈ ಬೆಟ್ಟಗಳು ತಮ್ಮ ಪ ವನ್ನು ಬಿಟ್ಟುಕೊಡಲಿಲ್ಲ. ಪಂಪನ ಪುಟದಲ್ಲಿ ಆ ಹುಡುಗಿ ನನಗಿಂತ ಹೆಚ್ಚು ಮನೆಯವಳು. ಇದನ್ನು ಆಕೆಗೆ ಹೇಳಬೇಕಾದವನು ನಾನು. ನಾನು ಹೇಳಿದ್ದು ಬೇರೆ.

ಮರುದಿನ ತರಗತಿಯಲ್ಲಿ ಪಾಠವನ್ನು ಬದಿಗಿಟ್ಟೆ. ಹಲಗೆಯ ಮೇಲೆ ತಣ್ ಎಂದು ಬರೆದು, ಪಕ್ಕದಲ್ಲಿ ಕೂೞ್ ಎಂದು ಬರೆದು, ತಂಗಳಿನ ಕಥೆಯನ್ನು ಮೊದಲಿನಿಂದ ಹೇಳಿದೆ. ಹಿಂದಿನ ವಾರಗಳಲ್ಲಿ ಬರೆಯಿಸಿದ್ದನ್ನು ಹೊಡೆದು ಹಾಕಿರೆಂದೆ. ಪ್ರಬಂಧದ ವಿಷಯವನ್ನೂ, ಎಲ್ಲರೂ ನಕ್ಕ ಮಾತನ್ನೂ, ನಕ್ಕವರಲ್ಲಿ ನಾನೇ ಮೊದಲಿಗನೆಂಬುದನ್ನೂ ಹೇಳಿದೆ. ಆ ದಿನ ಯಾರೂ ನಗಲಿಲ್ಲ. ಹುಡುಗಿಯಿಂದ ಹಳೆಯ ಪುಸ್ತಕವನ್ನು ಕೇಳಿ ಪಡೆದು, ನನ್ನ ಕೆಂಪು ಗೆರೆಯ ಮೇಲೆ ಇನ್ನೊಂದು ಗೆರೆ ಎಳೆದು, ಅಂಚಿನಲ್ಲಿ “ಪದ ಸರಿ, ಅಧ್ಯಾಪಕರದು ತಪ್ಪು” ಎಂದು ಬರೆದು ರುಜು ಹಾಕಿದೆ. ಆಕೆ ಅದನ್ನು ಓದಿ, ಬಹಳ ಹೊತ್ತು ಸುಮ್ಮನಿದ್ದು, “ಸರ್, ಹಾಗಾದರೆ ಎರಡು ಅಂಕ ವಾಪಸ್ಸು ಬರುತ್ತದೆಯೇ?” ಎಂದಳು. ಬಂದಿತು.

ಮುಂದಿನ ಪುತ್ತರಿಗೆ ಆಕೆಯ ಮನೆಯವರು ನಮ್ಮನ್ನು ಕರೆದರು. ಹೆಂಡತಿ ಮಗಳೊಡನೆ ಹೋದೆ. ಕದಿರು ತಂದು ಕಟ್ಟಿದ್ದೂ ಆಯಿತು, ತಂಬಿಟ್ಟೂ ಬಂದಿತು; ನಡುರಾತ್ರಿಯ ಸುಮಾರಿಗೆ ಊಟಕ್ಕೆ ಕುಳಿತೆವು. ಪ್ರಬಂಧದಲ್ಲಿ ಬಂದಿದ್ದ ಅಜ್ಜಿ ನಿಜವಾಗಿಯೂ ತಮ್ಮ ಕೈಯಿಂದಲೇ ಬಡಿಸುತ್ತಾ ಬಂದರು. ಮನೆಯವರೊಡನೆ ಅವರು ಕೊಡವದಲ್ಲಿ ಮಾತನಾಡುತ್ತಿದ್ದಾಗ ಕೂಳು ಎಂಬ ಮಾತು ಎರಡು ಮೂರು ಬಾರಿ ನನ್ನ ಕಿವಿಗೆ ಬಿದ್ದಿತು. ನನ್ನ ಎಲೆಯ ಮುಂದೆ ಬಂದಾಗ ಅವರು ಒಂದು ಕ್ಷಣ ತಡೆದು, ಮೊಮ್ಮಗಳ ಮುಖ ನೋಡಿ, ತಿದ್ದಿ ಇಟ್ಟ ಕನ್ನಡದಲ್ಲಿ ಮೆಲ್ಲನೆ ಕೇಳಿದರು: “ಮೇಷ್ಟ್ರೇ, ಇನ್ನು ಸ್ವಲ್ಪ ಅನ್ನ ಹಾಕಲೇ?”

“ಕೂಳು ಹಾಕಿ, ಅಜ್ಜೀ” ಎಂದೆ.

ಅವರು ನಕ್ಕು ಬಿಟ್ಟರು. ನನ್ನ ಉಚ್ಚಾರಣೆ ಸರಿಯಿರಲಿಲ್ಲವೆಂದು ಹುಡುಗಿ ಆಮೇಲೆ ತಿದ್ದಿದಳು. ಕೊನೆಯ ಉಕಾರವನ್ನು ಅಷ್ಟು ದುಂಡಗೆ ಹೇಳಬಾರದಂತೆ. ನನ್ನ ಮಗಳು ಪಕ್ಕದಲ್ಲಿ ಕುಳಿತು, ಎರಡು ಕೈಯಿಂದಲೂ ಎಲೆಗೆ ಗಾಳಿ ಹಾಕುತ್ತಾ, ಅದು ಆರುವುದನ್ನೇ ಕಾಯುತ್ತಿದ್ದಳು.